ಮೂರು ಬಣ್ಣದ ಬೆಕ್ಕಿನ ಉತ್ತರಕ್ರಿಯೆ

ಮಂಗಳವಾರ ಬೆಳಿಗ್ಗೆ ಸಾವಿನ ಸುದ್ದಿ ತಂದವನು ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಅಡವಿಯಪ್ಪ. "ಮೇಷ್ಟ್ರೇ, ನಿಮ್ಮ ಓನರಮ್ಮನ ಬೆಕ್ಕು ರಂಗಿ ಮೋರಿ ಪಕ್ಕ ಸತ್ತು ಬಿದ್ದದೆ!"

ಮರಳೂರಿನ ಬಾಡಿಗೆ ಮನೆಯಲ್ಲಿದ್ದ ಈ ಮೇಷ್ಟ್ರು ಚನ್ನೇಶ, ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. ಮನೆಯೊಡತಿ ನರಸಿಂಹಮ್ಮನವರು ಹಿಂದಿನ ದಿನ ಕುಣಿಗಲ್ಲಿಗೆ ಹೊರಡುವ ಮುಂಚೆ, "ಬೆಕ್ಕಿನ ಮೇಲೆ ಒಂದು ಕಣ್ಣಿಡಪ್ಪ" ಎಂದಿದ್ದರು. ಚನ್ನೇಶನಿಗಿಂತ ಮೊದಲಿದ್ದ ಬಾಡಿಗೆಯವನು ರಂಗಿಗೆ ಚಪ್ಪಲಿ ಎಸೆದು, ಅದೇ ವಾರ ಗಂಟುಮೂಟೆ ಕಟ್ಟಿದ್ದು ಬೀದಿಗೆಲ್ಲ ಗೊತ್ತಿತ್ತು. ತನಗೂ ಮನೆ ತಪ್ಪಿತೆಂದು ಚನ್ನೇಶ ಮೋರಿಯ ಕಡೆ ಓಡಿದ.

ಕೆಸರು ಮೆತ್ತಿದ ಬೆಕ್ಕಿನ ಮೈಯಲ್ಲಿ ಬಿಳಿ, ಕರಿ, ಕೆಂಪು ಮೂರೂ ಕಂಡವು. ರಂಗಿಯೇ ಎನ್ನಲು ಅಷ್ಟು ಸಾಕಾಯಿತು. ಅಡವಿಯಪ್ಪ ವಿಭೂತಿ ಹಚ್ಚಿ ಹಿತ್ತಲಲ್ಲಿ ಮಣ್ಣು ಮಾಡಿದ. ಕೈ ತೊಳೆಯುತ್ತಲೇ ಉಪಾಯವನ್ನೂ ಹೇಳಿದ. "ಗುಬ್ಬೀಲಿ ನಮ್ಮ ತಂಗಿ ಮನೇಲಿ ಇಂಥದ್ದೇ ಒಂದದೆ. ತಂದು ಬುಟ್ರಾಯ್ತು."

"ಅದೆಂಗಾಗುತ್ತೆ? ಇಂಥ ಎರಡು ಬೆಕ್ಕು ಒಂದೇ ಥರ ಇರಲ್ಲ ಕಣ್ರೀ. ಕರಿ ಬಣ್ಣದ ಜೀನೂ ಇರುತ್ತೆ, ಕೆಂಪಿಂದೂ ಇರುತ್ತೆ. ತಾಯಿ ಹೊಟ್ಟೇಲಿರುವಾಗ್ಲೇ ಒಂದೊಂದು ಜೀವಕೋಶ ಒಂದರ ಬಾಯಿ ಮುಚ್ಚಿಸುತ್ತೆ. ಯಾವುದರ ಬಾಯಿ ಅನ್ನೋದು ಅದೃಷ್ಟ. ಆಮೇಲೆ ಅದರಿಂದ ಹುಟ್ಟೋ ಕೋಶಗಳೆಲ್ಲ ಅದನ್ನೇ ನೆನಪಿಟ್ಕೊಂಡು, ಮುಚ್ಚಿದ್ದನ್ನ ಮುಚ್ಚಿಯೇ ಇಡ್ತವೆ. ಅದೇ ಮಚ್ಚೆ."

"ನಮ್ಮ ಬೀಗರಂಗೆ ಅನ್ನಿ! ಹೋಳಿಗೆ ಸಾಲ್ಲಿಲ್ಲ ಅಂತ ಅವರ ತಾತ ನಮ್ಮತ್ರ ಮಾತು ಬಿಟ್ಟ. ಮೊಮ್ಮಕ್ಕಳು ಆ ಹೋಳಿಗೆ ಕಂಡೇ ಇಲ್ಲ, ಅವೂ ಮಾತಾಡಲ್ಲ."

"ಹಂಗೇ."

"ಸರಿ ಬುಡಿ, ವ್ಯತ್ಯಾಸ ಕಂಡ ಕಡೆ ಬಣ್ಣ ಹಚ್ಚಣ."

ಚನ್ನೇಶ ಕಾಲೇಜಿಗೆ ರಜೆ ಹಾಕಿದ. ಗುಬ್ಬಿಯಿಂದ ಬರುವಾಗ ಬೈಕಿನ ಮೇಲೆ ಗೋಣಿಚೀಲದೊಳಗಿನ ಬೆಕ್ಕು ಸಂತೆಯಲ್ಲಿ ಹರಾಜು ಕೂಗುವವನಂತೆ ಕೂಗಿತು. ರಂಗಿಯ ಎಡಗಿವಿ ಕರಿ, ಇದರದು ಕೆಂಪು. ಅಡವಿಯಪ್ಪ ತನ್ನ ಮೀಸೆಯ ಡೈ ತಂದ. ಬೆಕ್ಕು ಕೊಸರಿತು. ಕಿವಿಗೆ ಅರ್ಧ ಬಿತ್ತು, ಉಳಿದರ್ಧ ಚನ್ನೇಶನ ಕೆನ್ನೆಗೆ. ಬಚ್ಚಲಿನಿಂದ ಹೊರಬಂದಾಗ ಅವನು ದೃಷ್ಟಿಬೊಟ್ಟಿಟ್ಟ ಕೂಸಿನಂತಿದ್ದ.

ಸಂಜೆ ನರಸಿಂಹಮ್ಮನವರು ಆಟೋ ಇಳಿದರು. ಕಂಕುಳಲ್ಲಿ ಬುಟ್ಟಿ. ಬುಟ್ಟಿಯಿಂದ ತಲೆ ಎತ್ತಿದ್ದು ರಂಗಿ!

"ನೀನು ಕಾಲೇಜಿಗೆ ಹೋದ್ಮೇಲೆ ಕಾಲಿಗೇ ಸುತ್ಕೊಂಡ್ಳು ಕಣಪ್ಪ, ಜೊತೇಲೇ ಕರ್ಕೊಂಡೋದೆ. ಅದ್ಸರಿ, ನಿಮ್ಮನೇಲಿ ಕೂಗ್ತಿರೋದು ಯಾವ ಬೆಕ್ಕು?"

ಚನ್ನೇಶ ಬಾಯಿ ತೆರೆಯುವಷ್ಟರಲ್ಲಿ ಅಡವಿಯಪ್ಪ, "ಮೇಷ್ಟ್ರು ಆಸೆಪಟ್ಟು ಸಾಕೋಕೆ ತಂದವ್ರೆ ಕಣಮ್ಮ" ಎಂದುಬಿಟ್ಟ.

"ನನ್ನ ರಂಗಿ ಇರೋ ಕಡೆ ಇನ್ನೊಂದಾ? ತಿಂಗಳ ಕೊನೇಗೆ ಮನೆ ಖಾಲಿ ಮಾಡು."

ಬಾಗಿಲು ಮುಚ್ಚಿತು. "ಹಂಗಾದ್ರೆ ನಾವು ಮಣ್ಣು ಮಾಡಿದ್ದು ಯಾರನ್ನ?" ಎಂದು ಚನ್ನೇಶ ತೊದಲಿದ.

"ನನ್ನ ಕೇಳ್ತೀರಲ್ಲ ಮೇಷ್ಟ್ರೇ! ಎರಡು ಒಂದೇ ಥರ ಇರಲ್ಲ ಅಂತ ಪಾಠ ಹೇಳಿದ್ದು ನೀವು. ಕೆಸರು ಒರೆಸಿ ಮುಖ ನೋಡಬಾರದಿತ್ತಾ?"

ಅದು ಯಾರ ಮನೆಯ ಬೆಕ್ಕೋ, ಯಾರು ಹಾಲಿಟ್ಟು ಬಾಗಿಲಲ್ಲಿ ಕಾದಿರುವರೋ ತಿಳಿಯದು. ಪರರ ಹೆಸರಿನಲ್ಲಿ ಮಣ್ಣಾದ ಆ ಮೂಕಜೀವವನ್ನು ಶಿವನಾದರೂ ಗುರುತು ಹಿಡಿದು ಹತ್ತಿರ ಕರೆದುಕೊಳ್ಳಲಿ. ಅದಕ್ಕೆ ಶಾಂತಿ ಸಿಗಲಿ.