ಒಳಗಿನಿಂದ ಹಾಕಿದ ಚಿಲಕ

ಮಕ್ಕಳ ಮನಸ್ಸನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂದು ಊರವರಿಗೆಲ್ಲ ಕಲಿಸಿ ಸಂಬಳ ತೆಗೆದುಕೊಳ್ಳುವ ಮನುಷ್ಯ ನಾನು. ಕುಸನೂರ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ಬಿ.ಎಡ್. ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಬಾಲಮನೋವಿಜ್ಞಾನ ಬೋಧಿಸುತ್ತಿದ್ದೇನೆ. 'ಎರಡರಿಂದ ಮೂರು ವರ್ಷದ ಮಗುವಿನ ಲಕ್ಷಣಗಳು' ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಎಂಟು ಅಂಶ ಬರೆಸುತ್ತೇನೆ. ಮದುವೆಯಾಗಿ ಬಹಳ ವರ್ಷ ನಮಗೆ ಮಕ್ಕಳಿರಲಿಲ್ಲವಾದ್ದರಿಂದ ಆ ಎಂಟೂ ಅಂಶಗಳು ನಿಜವೆಂದೇ ನಂಬಿದ್ದೆ. ಈಗ ನನ್ನ ಮನೆಯಲ್ಲೇ ಎರಡೂವರೆ ವರ್ಷದ ಮೈತ್ರಿ ಓಡಾಡಿಕೊಂಡಿದ್ದಾಳೆ. ಅದೇ ಪಾಠ ಹೇಳುವಾಗ ಈಗೀಗ ನನ್ನ ಧ್ವನಿ ತಾನಾಗಿಯೇ ಸಣ್ಣದಾಗುತ್ತದೆ. ಹಿಂದಿನ ಬೆಂಚಿನಲ್ಲಿ ಕೂತ, ಮಕ್ಕಳೊಂದಿಗರಾದ ಒಂದಿಬ್ಬರು ವಿದ್ಯಾರ್ಥಿನಿಯರು ನನ್ನನ್ನು ಕರುಣೆಯಿಂದ ನೋಡುತ್ತಾರೆ.

ನನ್ನ ಹೆಂಡತಿ ಸುನಂದಾ ಕಮಲಾಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ತರಗತಿಗೆ ಟೀಚರು. ಬೇಸಿಗೆ ಬಂತೆಂದರೆ ನಮ್ಮ ಕಡೆ ಶಾಲೆಗಳು ಬೆಳಗಿನ ಹೊತ್ತಿಗೇ ನಡೆಯುತ್ತವೆ. ಅವಳು ಆರೂವರೆಯ ಬಸ್ಸು ಹಿಡಿಯುತ್ತಾಳೆ. ಅಲ್ಲಿಂದ ಹತ್ತೂವರೆಯ ತನಕ ಖೂಬಾ ಪ್ಲಾಟಿನ ನಮ್ಮ ಬಾಡಿಗೆ ಮನೆಯಲ್ಲಿ ಮೈತ್ರಿ ಮತ್ತು ನಾನು ಇಬ್ಬರೇ. ಆ ನಾಲ್ಕು ಗಂಟೆಗಳ ದಣಿವು ಕಾಲೇಜಿನ ಇಡೀ ವಾರದಲ್ಲಿ ಇಲ್ಲ. ಹಲ್ಲುಜ್ಜಿಸಬೇಕೆಂದರೆ ಮೊದಲು ಅವಳ ಕರಡಿಗೊಂಬೆಗೆ ಉಜ್ಜಬೇಕು, ಆಮೇಲೆ ನನಗೆ, ಆಮೇಲೆ ನಲ್ಲಿಗೆ. ಹಾಲು ಕುಡಿಸಿ ಗೆದ್ದೆ ಎಂದುಕೊಂಡರೆ ಅದು ಗಲ್ಲದೊಳಗೇ ಇರುತ್ತದೆ. ಹತ್ತು ನಿಮಿಷದ ನಂತರ ನನ್ನ ಇಸ್ತ್ರಿ ಅಂಗಿಯ ಮೇಲೆ ಬರುತ್ತದೆ. ಆದರೂ ಸುಳ್ಳು ಯಾಕೆ ಹೇಳಲಿ, ಅವಳನ್ನು ನೋಡುತ್ತ ನಾನು ಎಷ್ಟೋ ಸಲ ಬಾಯಿ ತೆರೆದು ನಿಂತುಬಿಡುತ್ತೇನೆ. ಒಂದು ಇರುವೆ ಗೋಡೆ ಹತ್ತುವುದನ್ನು ಅವಳು ನೋಡುವ ಹಾಗೆ ನಾನು ಜನ್ಮದಲ್ಲಿ ಏನನ್ನೂ ನೋಡಿಲ್ಲ. ಮೊನ್ನೆ ಮೊನ್ನೆ ಬರಿಯ ಅಳು ಆಗಿದ್ದ ಜೀವ, ಇವತ್ತು 'ಇರುವಿಗಿ ಕಾಲ್ ನೋಯ್ತದೇನಪ್ಪಾ?' ಎಂದು ಕೇಳುತ್ತದೆ. ಎಲ್ಲಿಂದ ಬಂತು ಇದು? ನಾನಂತೂ ಕಲಿಸಿದ್ದಲ್ಲ.

ನಾನು ಕಲಿಸಿದ್ದು ಒಂದೇ ಒಂದು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪಕ್ಕದ ಮನೆಯ ಕುಲಕರ್ಣಿ ಕಾಕಾ ನಿವೃತ್ತರಾದ ಮೇಲೆ ತಮ್ಮ ತೀರ್ಥಯಾತ್ರೆಯ ಅನುಭವ ಬರೆಯುತ್ತಿದ್ದಾರೆ. ಬರೆದದ್ದನ್ನು ಓದಿ ತೋರಿಸಲು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಾರೆ. ಆರು ತಿಂಗಳಾದರೂ ಯಾತ್ರೆ ಇನ್ನೂ ಸೊಲ್ಲಾಪುರ ದಾಟಿಲ್ಲ. ಬಾಗಿಲು ಬಡಿದ ಸದ್ದಾದರೆ ಏನು ಹೇಳಬೇಕೆಂದು ನಾನು ಮೈತ್ರಿಗೆ ಎರಡು ದಿನ ಅಭ್ಯಾಸ ಮಾಡಿಸಿದೆ. ಮೂರನೆಯ ದಿನ ಅವಳು ಸ್ಪಷ್ಟವಾಗಿ, ಮರ್ಯಾದೆಯಿಂದ ಹೇಳತೊಡಗಿದಳು: 'ಅಪ್ಪ ಮನ್ಯಾಗಿಲ್ರೀ.' ನನ್ನ ಬೋಧನೆ ಇಷ್ಟು ಬೇಗ ಫಲ ಕೊಟ್ಟದ್ದು ಅದೇ ಮೊದಲು.

ಇನ್ನು ಆ ಬುಧವಾರದ ವಿಷಯ. ಕಲಬುರಗಿಯ ಬಿಸಿಲು ಗೊತ್ತಿದ್ದವರಿಗೆ ಕೂಲರಿನ ಬಗ್ಗೆ ಹೇಳಬೇಕಾಗಿಲ್ಲ. ನಮ್ಮ ಕೂಲರು ಹಾಲ್‌ನ ಕಿಟಕಿಗೆ ಹೊರಗಡೆಯಿಂದ ಆನಿಸಿ ನಿಲ್ಲಿಸಿದ್ದು. ಬೆಳಿಗ್ಗೆ ನಾಲ್ಕು ಬಕೆಟ್, ಸಂಜೆ ನಾಲ್ಕು ಬಕೆಟ್ ನೀರನ್ನು ಅಂಗಳಕ್ಕೆ ಹೋಗಿಯೇ ತುಂಬಿಸಬೇಕು. ಅಂದು ಸುನಂದಾ ಕುಕ್ಕರಿನಲ್ಲಿ ತೊಗರಿಬೇಳೆ ತೊಳೆದಿಟ್ಟು, 'ಮೂರು ಸೀಟಿ ಆದ್ಮ್ಯಾಲ ಗ್ಯಾಸ್ ಬಂದ್ ಮಾಡ್ರಿ' ಎಂದು ಹೇಳಿ ಹೋಗಿದ್ದಳು. ಒಂಬತ್ತರ ಸುಮಾರಿಗೆ ಕುಕ್ಕರು ಒಲೆಯ ಮೇಲಿಟ್ಟೆ. ಮೂರು ಸೀಟಿಯೊಳಗೆ ನಾಲ್ಕು ಬಕೆಟ್ ನೀರು ಹಾಕಿ ಬರಬಹುದೆಂದು ಲೆಕ್ಕ ಹಾಕಿ, ಕೂಲರಿನ ಪ್ಲಗ್ ಕಿತ್ತು, ಬನಿಯನ್ ಮತ್ತು ಲುಂಗಿಯಲ್ಲಿ ಹೊರಗೆ ಬಂದೆ. ಫೋನು ಹಾಸಿಗೆಯ ಮೇಲಿತ್ತು. ಎರಡನೆಯ ಬಕೆಟ್ ಸುರಿಯುವಾಗ ಬಾಗಿಲ ಕಡೆಯಿಂದ 'ಟಕ್' ಎಂದು ಸದ್ದು ಬಂತು.

ಬಾಗಿಲಿಗೆ ಆ ಚಿಲಕ ಜೋಡಿಸಿದ್ದು ನಾನೇ. ಮೇಲಿನ ಚಿಲಕ ಕೆಟ್ಟಾಗ, ಬಡಗಿ ಬರುವ ತನಕ ಇರಲಿ ಎಂದು, ಸ್ಟೂಲು ಹತ್ತುವ ಸೋಮಾರಿತನಕ್ಕೆ ಸೊಂಟದ ಕೆಳಗೆ ಒಂದು ಹೊಸ ಚಿಲಕ ಬಡಿದಿದ್ದೆ. ಎರಡೂವರೆ ವರ್ಷದವರಿಗೆ ಅದು ಸರಿಯಾಗಿ ಎದೆಯ ಮಟ್ಟಕ್ಕೆ ಬರುತ್ತದೆ. ನಾನು ಬಾಗಿಲು ಬಡಿದೆ.

'ಯಾರ್ರೀ?' ಎಂದಿತು ಒಳಗಿನ ಧ್ವನಿ.

'ನಾನವ್ವಾ, ಅಪ್ಪ. ಬಾಗ್ಲಾ ತೆಗಿ ನಮ್ಮವ್ವಾ.'

'ಅಪ್ಪ ಮನ್ಯಾಗಿಲ್ರೀ.'

ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಕುಲಕರ್ಣಿ ಕಾಕಾ, ಕೈಯಲ್ಲಿ ಹಾಲಿನ ಪಾಕೀಟು ಹಿಡಿದು ನಿಂತಿದ್ದಾರೆ. 'ಹೋದ ಐತ್ವಾರನೂ ಕೂಸು ಹಿಂಗೇ ಅಂದಿತ್ತಲ್ಲ ಮಾಸ್ತರ' ಎಂದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಒಳಗೆ ಕುಕ್ಕರು ಮೊದಲ ಸೀಟಿ ಹೊಡೆಯಿತು. ನಾಚಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಮ್ಮ ಮನೆಗೆ ಇರುವುದು ಒಂದೇ ಬಾಗಿಲು. ಅಡುಗೆಮನೆಯ ಕಿಟಕಿಗೆ ಕಬ್ಬಿಣದ ಜಾಲರಿ. ಒಳಗೆ ಉರಿಯುವ ಒಲೆ, ಅದರ ಮೇಲೆ ಕುಕ್ಕರು, ಮತ್ತು ಸ್ಟೂಲು ಎಳೆದು ಹತ್ತುವುದನ್ನು ಹೋದ ವಾರವಷ್ಟೇ ಕಲಿತ ನನ್ನ ಮಗಳು.

'ಒಡದೇ ಬಿಡೋಣ ನಡೀರಿ' ಎಂದು ಕಾಕಾ ಹಾಲಿನ ಪಾಕೀಟು ಕಟ್ಟೆಯ ಮೇಲಿಟ್ಟು ಬಾಗಿಲಿಗೆ ಭುಜ ಕೊಟ್ಟರು. ಒಳಗಿನಿಂದ ಕಿಲಕಿಲ ನಗು. ಅವಳು ಬಾಗಿಲಿಗೇ ಅಂಟಿಕೊಂಡು ನಿಂತಿದ್ದಳು. ಬಾಗಿಲು ಮುರಿದರೆ ಬೀಳುವುದು ಅವಳ ಮೇಲೆಯೇ ಎಂದು ಕಾಕಾರನ್ನು ಹಿಡಿದು ನಿಲ್ಲಿಸಿದೆ. ಎದುರು ಮನೆಯ ಶಹನಾಜ್ ಆಪಾ ಓಡಿ ಬಂದರು. ಹತ್ತೂವರೆಯ ನಂತರ ಮೈತ್ರಿಯನ್ನು ನೋಡಿಕೊಳ್ಳುವವರು ಅವರೇ. 'ಘಾಬರಿ ಆಗಬ್ಯಾಡ್ರಿ ಸರ್, ಮೇಡಮ್ಮರಿಗಿ ಫೋನ್ ಹಚ್ಚತೀನಿ. ನೀವು ಕೂಸಿನ ಸಂಗಟ ಮಾತಾಡ್ಕೋತ ಇರ್ರಿ. ಅಡಗಿಮನಿ ಕಡಿ ಹೋಗಬಾರ್ದು ನೋಡ್ರಿ ಅದು' ಎಂದರು. ಎರಡನೆಯ ಸೀಟಿಯಾಯಿತು.

ಕೂಲರಿನ ಹಿಂದಿನ ಹುಲ್ಲಿನ ಪರದೆ ಕಿತ್ತು ತೆಗೆದು, ಒದ್ದೆ ಡಬ್ಬಿಯೊಳಗೆ ತಲೆ ತೂರಿಸಿದೆ. ಫ್ಯಾನಿನ ರೆಕ್ಕೆಗಳ ಸಂದಿಯಿಂದ ಹಾಲ್ ತುಂಡು ತುಂಡಾಗಿ ಕಂಡಿತು. 'ಮೈತ್ರೂ...' ಎಂದೆ. ಆ ತಗಡಿನೊಳಗೆ ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಪುಟ್ಟ ಕಾಲುಗಳು ಓಡಿ ಬಂದು ಕಿಟಕಿಯ ಮುಂದೆ ನಿಂತವು.

'ಯಾರ ನೀ?'

'ಅಪ್ಪ.'

ಅವಳು ಸಂದಿಯೊಳಗೆ ಇಣುಕಿದಳು. 'ಅಲ್ಲ. ನೀ ಕೂಲರ್.'

ವಾದ ಮಾಡುವ ಹೊತ್ತಲ್ಲ ಅದು. ಆಯಿತು, ನಾನು ಕೂಲರೇ ಎಂದು ಒಪ್ಪಿಕೊಂಡೆ. ಬಾಗಿಲು ತೆಗೆದರೆ ಕಮಲಾಪುರದ ಕೆಂಪು ಬಾಳೆಹಣ್ಣು ಕೊಡಿಸುತ್ತೇನೆ ಎಂದೆ. ಕೂಲರಿಗೆ ಕೈಯೇ ಇಲ್ಲ, ಹೇಗೆ ಕೊಡುತ್ತೀ ಎಂದಳು. ಗದರಿಸಿದೆ; ನಕ್ಕಳು. ಪಾಠದಲ್ಲಿ ಬರೆಸುವ ಉಪಾಯಗಳನ್ನು ಒಂದೊಂದಾಗಿ ಹೂಡಿದೆ, ಹೊಗಳಿದೆ, ಬೇಡಿದೆ, ಲೆಕ್ಕಿಸದವನ ಹಾಗೆ ಸುಮ್ಮನಾದೆ. ಸುಮ್ಮನಾದ ಕೂಡಲೇ ಕಾಲುಗಳು ಅಡುಗೆಮನೆಯತ್ತ ತಿರುಗಿದವು. 'ಕೂಲರಿಗೆ ಒಂದು ಮಾತು ಹೇಳವ್ವಾ! ನಿಮ್ಮಪ್ಪ ಹ್ಯಾಂಗದಾನ?' ಎಂದು ಕೂಗಿದೆ. ಕಾಲುಗಳು ಮರಳಿ ಬಂದವು.

'ಅಪ್ಪ ಮೊಬೈಲ್ ನೋಡ್ತಾನ. ಅಮ್ಮಗ ಹೇಳಬ್ಯಾಡ ಅಂತಾನ.' ಹಿಂದೆ ಆಗಲೇ ನೆರೆದಿದ್ದ ಏಳೆಂಟು ಜನ ಗಪ್‌ಚಿಪ್ಪಾಗಿ ಕೇಳುತ್ತಿದ್ದರು. 'ಚಾದಾಗ ಬಿಸ್ಕಿಟ್ ಬಿದ್ರ ಬೆರಳ ಹಾಕಿ ತೆಗೀತಾನ. ಹಾಡ ಹಾಡ್ತಾನ, ಚಲೋ ಇರಂಗಿಲ್ಲ.' ಯಾರೋ ಕಿಸಕ್ಕೆಂದರು. ಹೇಳು ತಾಯಿ, ಇನ್ನೂ ಹೇಳು, ನನ್ನ ಮಾನವನ್ನೆಲ್ಲ ಇಲ್ಲಿಯೇ ಹರಾಜು ಹಾಕು, ಆ ಕಡೆ ಮಾತ್ರ ಹೋಗಬೇಡ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಐದನೆಯ ಸೀಟಿ, ಆರನೆಯ ಸೀಟಿ. ಆಮೇಲೆ ಸೀಟಿ ನಿಂತುಹೋಯಿತು. ನೀರು ಆರಿತ್ತು. ಬೇಳೆ ತಳ ಹಿಡಿದ ವಾಸನೆ ಫ್ಯಾನಿನ ಸಂದಿಯಿಂದ ನನ್ನ ಮೂಗಿಗೆ ಬಂತು. ಮಾತು ನಿಲ್ಲಿಸಬಾರದೆಂದು ಏನೇನೋ ಒದರುತ್ತಿದ್ದೆ, ಏನೆಂದು ಈಗಲೂ ನೆನಪಿಲ್ಲ.

ಆಗ ಶಹನಾಜ್ ಆಪಾ ಫೋನನ್ನು ನನ್ನ ಕಿವಿಗೆ ಒತ್ತಿದರು. ಅತ್ತ ಕಮಲಾಪುರದಲ್ಲಿ ಸುನಂದಾ. ನಾನು ಅಳುವ ಧ್ವನಿಯಲ್ಲಿ ಎಲ್ಲ ಒಂದೇ ಉಸಿರಿಗೆ ಹೇಳಿದೆ.

'ರೀ, ಅದೆಲ್ಲಾ ಬಿಡ್ರಿ. ಆಕಿ ಏನ್ ಮಾಡ್ಲಾಕತ್ತಾಳ, ಮೊದ್ಲ ಅದು ಹೇಳ್ರಿ.'

'ಏನ್ ಮಾಡ್ತಾಳ! ಬಾಗ್ಲಾ ತೆಗಿಲಾಕ ಒಲ್ಲಂತಾಳ!'

'ಅದಲ್ರೀ. ಬೆನ್ನ ಮ್ಯಾಲ ಪಾಟಿಚೀಲ ಅದೇನು?'

ನೋಡಿದೆ. ಇತ್ತು. ಇಷ್ಟು ಹೊತ್ತು ಅದು ನನ್ನ ಕಣ್ಣ ಮುಂದೆಯೇ ಇತ್ತು. 'ಅದ' ಎಂದೆ.

'ಗೊಂಬಿಗಳ್ನ ಸಾಲಾಗಿ ಕುಂದ್ರಿಸ್ಯಾಳೇನು?'

ಗೋಡೆಯ ಪಕ್ಕ ಕರಡಿ, ಒಂಟಿ ಕೈಯ ಗೊಂಬೆ, ಲಟ್ಟಣಿಗೆ, ನನ್ನ ಎಡಗಾಲಿನ ಬೂಟು, ನಾಲ್ವರೂ ಶಿಸ್ತಾಗಿ ಕೂತಿದ್ದರು. 'ಹ್ಞೂಂ' ಎಂದೆ.

'ಹಂಗಾದ್ರ ಸಾಲಿ ನಡಸ್ಲಾಕತ್ತಾಳ್ರಿ. ಸಾಲಿ ನಡಿಯೂಮುಂದ ಬಾಗ್ಲಾ ಯಾರಾದ್ರೂ ತೆಗೀತಾರೇನು? ಗಂಟಿ ಆಗಬೇಕು. ಫೋನ್ ಸ್ಪೀಕರಿಗಿ ಹಾಕಿ ಕೂಲರಿನ್ಯಾಗ ಹಿಡೀರಿ.'

ಹೋದ ತಿಂಗಳು ನನಗೆ ಉತ್ತರಪತ್ರಿಕೆ ತಿದ್ದುವ ಕೆಲಸವಿದ್ದಾಗ, ಆಪಾ ಕೂಡ ಊರಲ್ಲಿರಲಿಲ್ಲವೆಂದು, ಸುನಂದಾ ಮೈತ್ರಿಯನ್ನು ನಾಲ್ಕು ದಿನ ತನ್ನ ಶಾಲೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಅವಳು ಒಂದನೆಯ ತರಗತಿಯವರ ನಡುವೆ ಕೂತು, ಶಾಲೆ ಬಿಡುವ ಉದ್ದ ಗಂಟೆ ಬಾರಿಸುವ ತನಕ ಯಾರು ಕರೆದರೂ ಏಳುತ್ತಿರಲಿಲ್ಲವಂತೆ. ಇದನ್ನು ಸುನಂದಾ ಆಗಲೇ ನನಗೆ ಹೇಳಿದ್ದಳಂತೆ. ನಾನು ಮೊಬೈಲ್ ನೋಡುತ್ತಿದ್ದೆನಂತೆ.

ಕೂಲರಿನೊಳಗೆ ಹಿಡಿದ ಫೋನಿನಲ್ಲಿ ಸುನಂದಾ ಓಡುವ ಸದ್ದು ಕೇಳಿತು. 'ಶರಣಪ್ಪಣ್ಣಾ, ಉದ್ದ ಗಂಟಿ ಹೊಡೀರಿ!' ಶಾಲೆಯ ಜವಾನರ ಧ್ವನಿ: 'ಮೇಡಂ, ಈಗಿನ್ನಾ ಒಂಬತ್ತೂವರಿ ಆಗ್ಯಾದ್ರಿ...' 'ಹೊಡೀರಿ ಅಂದೆ!' ಆಮೇಲೆ ಗಂಟೆ. ಢಣಢಣಢಣ ಎಂದು ಕಮಲಾಪುರದ ಗಂಟೆ ನಮ್ಮ ಖೂಬಾ ಪ್ಲಾಟಿನ ಮನೆಯೊಳಗೆ ತುಂಬಿತು. ಅದರ ಹಿಂದೆಯೇ ನೂರಾರು ಮಕ್ಕಳ 'ಹೋ' ಎಂಬ ಕೂಗು.

ಮೈತ್ರಿ ನಿಂತಲ್ಲೇ ನಿಂತಳು. ಗೊಂಬೆಗಳ ಕಡೆ ತಿರುಗಿ, 'ಸಾಲಿ ಬಿಟ್ಟದ. ನಡೀರಿ ಮನೀಗಿ' ಎಂದಳು. ಕರಡಿಯನ್ನು ಎಬ್ಬಿಸಿದಳು, ಲಟ್ಟಣಿಗೆಯನ್ನು ಎಬ್ಬಿಸಿದಳು, ನನ್ನ ಬೂಟಿಗೆ 'ಓಡಬ್ಯಾಡ' ಎಂದು ಗದರಿಸಿದಳು. ಚಪ್ಪಲಿ ಎಡ ಬಲ ಅದಲುಬದಲು ಹಾಕಿಕೊಂಡಳು. ಆ ಒಂದು ನಿಮಿಷ ಎಷ್ಟು ಉದ್ದವಿತ್ತೆಂದು ನನ್ನನ್ನು ಕೇಳಬೇಡಿ. 'ಟಕ್' ಎಂದಿತು. ಬಾಗಿಲು ತೆರೆಯಿತು. ಬೆನ್ನಿಗೆ ಚೀಲ ಹಾಕಿಕೊಂಡ ನನ್ನ ಮಗಳು ಹೊಸ್ತಿಲ ಮೇಲೆ ನಿಂತು ಇಡೀ ಓಣಿಯನ್ನು ನೋಡಿ, 'ಅಪ್ಪಾ, ನೀ ಯಾವಾಗ ಬಂದಿ?' ಎಂದಳು.

ಆಪಾ ಅವಳನ್ನು ಎತ್ತಿಕೊಂಡರು. ನಾನು ಒಳಗೆ ಓಡಿ ಗ್ಯಾಸ್ ಆರಿಸಿದೆ. ಬೇಳೆ ಇದ್ದಿಲಾಗಿತ್ತು, ಕುಕ್ಕರಿನ ತಳ ನೀಲಿಗಟ್ಟಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕಾಕಾ ಬಂದು ಒಂದು ಲೋಟ ನೀರು ಕೊಟ್ಟು, ತಲೆ ಸವರಿ ಹೋದರು. ಭಾನುವಾರದ ಮಾತನ್ನು ಎತ್ತಲಿಲ್ಲ. ಅತ್ತ ಕಮಲಾಪುರದಲ್ಲಿ ಮಕ್ಕಳು ಬಾಳೆಹಣ್ಣಿನ ಗಾಡಿಗಳ ಸಂದಿಯಿಂದ ನುಗ್ಗಿ ಊರೆಲ್ಲ ಚೆದುರಿದ್ದರಂತೆ. ಅವರನ್ನು ಹಿಡಿದು ತರಲು ಮಾಸ್ತರುಗಳಿಗೆ ಒಂದು ತಾಸು ಬೇಕಾಯಿತಂತೆ. ಹೆಡ್‌ಮಾಸ್ತರರು ಕೆಂಪಗಾಗಿ ಬಂದವರು, ವಿಷಯ ಕೇಳಿದ ಮೇಲೆ, 'ಕೂಸು ಹೊರಗ ಬಂತೇನವ್ವಾ?' ಎಂದಷ್ಟೇ ಕೇಳಿದರಂತೆ. ದೂರದ ಊರಿನ ಆ ದೊಡ್ಡ ಮನುಷ್ಯರಿಗೆ ನಾನು ಇಲ್ಲಿಂದಲೇ ನಮಸ್ಕಾರ ಮಾಡಿದೆ.

ಮನುಷ್ಯನ ಬುದ್ಧಿ ನೋಡಿ, ಮಧ್ಯಾಹ್ನದ ಹೊತ್ತಿಗೆ ನನ್ನ ನಡುಕ ನಿಂತು ಜಂಬ ಶುರುವಾಗಿತ್ತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ವಿವರಿಸಿದೆ: ಗಂಟೆ ಸುನಂದಾಳದೇ ಇರಬಹುದು, ಆದರೆ ಅಲ್ಲಿಯ ತನಕ ಮಗುವಿನ ಗಮನ ಸೆಳೆದು, ಒಲೆಯ ಹತ್ತಿರ ಹೋಗದ ಹಾಗೆ ಕಿಟಕಿಯ ಬಳಿಯೇ ಹಿಡಿದು ನಿಲ್ಲಿಸಿದ್ದು ಶುದ್ಧ ಮನೋವಿಜ್ಞಾನ. ಸಂಜೆ ಚಹಾ ಕುಡಿಯುತ್ತ ಸುನಂದಾಳಿಗೂ ಅದನ್ನೇ ಹೇಳಿದೆ. ಅವಳು ತೊಡೆಯ ಮೇಲಿದ್ದ ಮೈತ್ರಿಯ ಕೂದಲು ಸರಿಮಾಡುತ್ತ, 'ಅಷ್ಟೊತ್ತು ಕಿಟಕಿ ಹತ್ರ ಏನ್ ಮಾಡ್ಲಾಕತ್ತಿದ್ದಿ ನೀ?' ಎಂದು ಕೇಳಿದಳು.

'ಕೂಲರಿನ್ಯಾಗ ಒಬ್ಬಂವ ಇದ್ದ ಅಮ್ಮಾ' ಎಂದಳು ಮೈತ್ರಿ. 'ಭಾಳ ಅಂಜಿದ್ದ. ಅಳ್ಲಾಕತ್ತಿದ್ದ. ಒಬ್ಬವ್ನೇ ಇದ್ದ. ಅದಕ್ಕ ನಾ ಅಲ್ಲೇ ನಿಂತೆ.'

ಸುನಂದಾ ನನ್ನ ಮುಖ ನೋಡಿದಳು. ಕೂಲರಿಗೆ ನೀರು ಹಾಕಿ ಬರುತ್ತೇನೆ ಎಂದು ನಾನು ಎದ್ದು ಹೊರಗೆ ಹೋದೆ. ಅಲ್ಲಿ ಬಹಳ ಹೊತ್ತು ನಿಂತ ಮೇಲೆ ನೆನಪಾಯಿತು, ಬಕೆಟ್ ತಂದಿರಲಿಲ್ಲ.