ಸ್ಕಾರ್ವಿಕ್ ಪುರಸಭೆಯ ಅಧೀನಕ್ಕೆ ಬಂದ ಧ್ರುವಪ್ರಭೆ

ಭೂಮಿಯ ಉತ್ತರ ತುದಿಯ ಸ್ಕಾರ್ವಿಕ್ ಪುರಸಭೆಯ ಸರಹದ್ದಿನೊಳಗೆ, ಚಳಿಗಾಲದ ಇರುಳಿನ ಆಕಾಶದಲ್ಲಿ ಹಸಿರು ಬೆಳಕಾಗಿ ಕಾಣಿಸಿಕೊಳ್ಳುವ ಧ್ರುವಪ್ರಭೆಯು ಕಳೆದ ಶರತ್ಕಾಲದಿಂದ ರಸ್ತೆ, ಚರಂಡಿ ಮತ್ತು ಆಕಾಶ ಉಪಸಮಿತಿಯ ಅಧೀನದಲ್ಲಿದೆ. ಅದಕ್ಕೂ ಮೊದಲು ಅದು ಯಾರ ಅಧೀನದಲ್ಲೂ ಇರಲಿಲ್ಲ. ಬೇಕೆನಿಸಿದಾಗ ಬರುತ್ತಿತ್ತು, ಬೇಡವೆನಿಸಿದಾಗ ಹೋಗುತ್ತಿತ್ತು, ಹೋಗುವಾಗ ಯಾರಿಗೂ ಹೇಳುತ್ತಿರಲಿಲ್ಲ. ಸೂರ್ಯನಾದರೂ ನವೆಂಬರ್ ಕೊನೆಗೆ ರಜೆಯ ಮೇಲೆ ಹೋದವನು ಜನವರಿಯಲ್ಲಿ ಗೊತ್ತಾದ ದಿನಕ್ಕೆ ಕೆಲಸಕ್ಕೆ ಹಾಜರಾಗುತ್ತಾನೆ. ಆತನ ವಿಷಯದಲ್ಲಿ ಪುರಸಭೆಗೆ ಯಾವ ತಕರಾರೂ ಇಲ್ಲ.

ಈ ಬದಲಾವಣೆಗೆ ಕಾರಣ ಬೆಲ್ಜಿಯಂನ ಒಬ್ಬ ಹಲ್ಲಿನ ಡಾಕ್ಟರು. ಅವರು ಧ್ರುವಪ್ರಭೆ ನೋಡಲು ದೋಣಿ ಹತ್ತಿ ಹೋದರು, ನೋಡಿದರು, ಊರಿಗೆ ಹಿಂದಿರುಗಿ ದೂರು ಬರೆದರು. ಪುರಸಭೆಯ ಪ್ರವಾಸಿ ಕೈಪಿಡಿಯ ಮೇಲೆ ಅಚ್ಚಾದ ಬೆಳಕು ಹಸಿ ಬಟಾಣಿಯಂತಿದೆ, ತಮಗೆ ತೋರಿಸಿದ ಬೆಳಕು ತೆಳು ಮೀನುಸಾರಿನಂತಿತ್ತು ಎಂಬುದು ದೂರು. ಸ್ಕಾರ್ವಿಕ್‌ನಲ್ಲಿ ಬಂದ ಪತ್ರಕ್ಕೆ ಉತ್ತರ ಹೋಗಲೇಬೇಕು. ಉತ್ತರ ಹೋಗಬೇಕಾದರೆ ಆ ವಿಷಯಕ್ಕೆ ಒಬ್ಬರು ಜವಾಬ್ದಾರರು ಇರಬೇಕು. ಮೊದಲ ಹಿಮ ಬಿದ್ದು ರಸ್ತೆಯೂ ಚರಂಡಿಯೂ ಕಣ್ಣಿಗೆ ಕಾಣದಂತಾಗಿ, ಆ ಉಪಸಮಿತಿಗೆ ಕೈತುಂಬ ಬಿಡುವಿತ್ತು. ಆಕಾಶವನ್ನೂ ಅದಕ್ಕೇ ವಹಿಸಲಾಯಿತು.

ಡಾಕ್ಟರು ಹತ್ತಿದ್ದ ದೋಣಿ ಗುನ್ವೋರಳದು.

ಗುನ್ವೋರ್ ಹುಡುಗಿಯಾಗಿದ್ದಾಗಿನಿಂದ ಕಾಡ್ ಮೀನು ಸೀಳಿ, ಜೋಡಿಜೋಡಿಯಾಗಿ ಬಾಲಕ್ಕೆ ಬಾಲ ಕಟ್ಟಿ, ಒಣಹಾಕುವ ಮರದ ಚೌಕಟ್ಟುಗಳ ಮೇಲೆ ನೇತುಹಾಕಿದವಳು. ಯಾರಿಗೂ ಬೇಡವಾಗಿದ್ದ ಒಂದು ಹಳೇ ಮರದ ದೋಣಿಯನ್ನು ಕೊಂಡು, ಎಂಜಿನ್ನಿನ ಪುಸ್ತಕವನ್ನು ತಾನೇ ಓದಿ ತಾನೇ ಬಿಚ್ಚಿ ತಾನೇ ಜೋಡಿಸಿ, ಅದಕ್ಕೆ ‘ತೆರ್ನಾ’ ಎಂದು ಹೆಸರಿಟ್ಟಿದ್ದಳು. ದೋಣಿಗಳನ್ನು ಕಟ್ಟುವ ದಕ್ಕೆಯಲ್ಲಿ ಅವಳ ಜಾಗ ಮೊದಲನೆಯದು, ಕಲ್ಲುಗೋಡೆಯ ಮರೆಯಲ್ಲಿ ಗಾಳಿ ತಾಗದ ಜಾಗ. ಅದನ್ನು ಅವಳಿಗೆ ಯಾರೂ ಕೊಟ್ಟದ್ದಲ್ಲ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹಗ್ಗ ಬಿಗಿದು ನಿಲ್ಲುತ್ತಿದ್ದಳು, ಗಂಡಸರು ಕೊನೆಗೆ ಬೇಸತ್ತು ಬಿಟ್ಟುಕೊಟ್ಟರು. ಆ ಜಾಗ ಹೋದರೆ ಉಳಿಯುವುದು ದಕ್ಕೆಯ ಹೊರತುದಿ. ಅಲ್ಲಿ ಒಂದು ಚಳಿಗಾಲ ಕಳೆದರೆ ತೆರ್ನಾ ಸೌದೆಯಾಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಪುರಸಭೆಯ ಪ್ರಕಟಣೆ ಹೀಗಿತ್ತು:

“ಧ್ರುವಪ್ರಭೆ ವೀಕ್ಷಣೆಗೆ ಹೊರಡುವ ಪ್ರತಿಯೊಂದು ದೋಣಿಯಲ್ಲೂ ವೀಕ್ಷಣಾ ಸಭೆ ನಡೆಯತಕ್ಕದ್ದು. ಪ್ರಭೆಯು ಕಂಡಿತೋ ಇಲ್ಲವೋ ಎಂಬುದನ್ನು ಸಭೆಯು ಬಹುಮತದಿಂದ ತೀರ್ಮಾನಿಸತಕ್ಕದ್ದು. ಪ್ರಯಾಣಿಕರು ಖಾಸಗಿಯಾಗಿ ಆಕಾಶ ನೋಡಿ ತಮ್ಮಷ್ಟಕ್ಕೆ ತಾವೇ ನಿರ್ಧಾರಕ್ಕೆ ಬರುವುದನ್ನು ನಿಷೇಧಿಸಲಾಗಿದೆ. ಸಭೆಯಲ್ಲಿ ಕಾಫಿ ಮತ್ತು ಕಾವಲಿಯಲ್ಲಿ ಸುಟ್ಟ ಸಿಹಿ ವಾಫಲ್ ಇರತಕ್ಕದ್ದು. ವಾಫಲ್ ಇಲ್ಲದ ಸಭೆಯ ತೀರ್ಮಾನ ಊರ್ಜಿತವಲ್ಲ. ಪದೇಪದೇ ‘ಕಾಣಲಿಲ್ಲ’ ಎಂದು ತೀರ್ಮಾನವಾಗುವ ದೋಣಿಯ ಜಾಗವನ್ನು, ಕಾಣುವ ಸಾಮರ್ಥ್ಯವುಳ್ಳ ಇತರರಿಗೆ ವಹಿಸಲಾಗುವುದು.”

ಇತರರು ಎಂದರೆ ತೇಲುವ ಸೌನಾ ಸಂಘ. ಬಿಸಿ ಹಬೆಯಲ್ಲಿ ಬೆವರುತ್ತ ಕೂತು ಗಾಜಿನ ಕಿಟಕಿಯಿಂದ ಕಡಲು ನೋಡುವ ಮರದ ಕೋಣೆಯೊಂದನ್ನು ತೆಪ್ಪದ ಮೇಲೆ ಕಟ್ಟಿಸಿದ್ದ ಈ ಸಂಘಕ್ಕೆ ಗಾಳಿ ತಾಗದ ಜಾಗ ಬೇಕಿತ್ತು. ಸಂಘದಲ್ಲಿ ಉಪಸಮಿತಿಯವರ ಪಾತ್ರ ಏನೇನೂ ಇರಲಿಲ್ಲ. ಅಲ್ಲಿ ಅವರೆಲ್ಲ ಕೇವಲ ಸದಸ್ಯರು, ಉಪಸಮಿತಿಯ ಅಧ್ಯಕ್ಷೆ ಟೂರ್ಡಿಸ್ ಮಾತ್ರ ಅಧ್ಯಕ್ಷೆ.

ಪ್ರಕಟಣೆ ಅಂಟಿಸಲು ಆಕಾಶ ಅಧಿಕಾರಿ ಹಾಲ್ವಾರ್ ತಾನೇ ದಕ್ಕೆಗೆ ಬಂದ. ಇಲ್ಲಿ ಅಧಿಕಾರಿಯನ್ನೂ ನೀನು ಅಂತಲೇ ಮಾತಾಡಿಸುವುದು.

“ಹೊಸ ನಿಯಮ ಓದಿದ್ಯಾ ಗುನ್ವೋರ್?”

“ಓದ್ದೆ. ಬರೆದೋರು ಓದಿದಾರಾ ಅನ್ನೋದೇ ಅನುಮಾನ.”

“ಎಲ್ಲರ ಒಳ್ಳೇದಕ್ಕೇ ಮಾಡಿದ್ದು. ಕಂಡಿದೆ ಅಂತ ಹತ್ತು ಜನ ಒಪ್ಪಿದ ಮೇಲೆ ಯಾರು ತಾನೇ ದೂರು ಕೊಡ್ತಾರೆ?”

“ಮೋಡ ಇದ್ರೆ?”

“ಅದನ್ನೂ ಚರ್ಚೆ ಮಾಡಬಹುದು. ಮಾತಾಡೋಕೆ ಎಲ್ಲರಿಗೂ ಅವಕಾಶ ಇದೆ.”

“ಮೋಡಕ್ಕೂ?”

ಹಾಲ್ವಾರ್ ಅದನ್ನು ಗುರುತು ಹಾಕಿಕೊಂಡ. ಅವನು ಒಳ್ಳೆಯ ಮನುಷ್ಯ, ಯಾರ ಮಾತನ್ನೂ ತಮಾಷೆಯೆಂದು ತಳ್ಳಿಹಾಕಿದವನಲ್ಲ.

ಬೇರೆ ದೋಣಿಗಳಲ್ಲಿ ನಿಯಮ ಸುಸೂತ್ರವಾಗಿ ಜಾರಿಗೆ ಬಂತು. ಟಿಕೆಟ್ ಕೊಂಡವರಿಗೆ ಏನೂ ಕಾಣಲಿಲ್ಲ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಡಿಸೆಂಬರಿನ ಮೊದಲ ವಾರ ಮುಖಕ್ಕೆ ಹಿಡಿದ ಕೈ ಕಾಣದಷ್ಟು ಹಿಮ ಸುರಿಯುತ್ತಿದ್ದಾಗ ಒಂದು ದೋಣಿಯಲ್ಲಿ ಧ್ರುವಪ್ರಭೆ ಸರ್ವಾನುಮತದಿಂದ ಕಂಡಿತು. ಒಬ್ಬರು ಮಾತ್ರ ತಟಸ್ಥರಾಗಿ ಉಳಿದರು, ಅವರು ವಾಂತಿ ಮಾಡುತ್ತಿದ್ದರು.

ತೆರ್ನಾದಲ್ಲಿ ಹಾಗಾಗಲಿಲ್ಲ. ಮತಕ್ಕೆ ಮೊದಲು ಗುನ್ವೋರ್ ಚುಕ್ಕಾಣಿ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. “ನೀವು ನೋಡಿದ್ದು ಮೋಡ. ಆ ಕಡೆ ಬೆಳ್ಳಗೆ ಹೊಳೀತಿತ್ತಲ್ಲ, ಅದು ಮೀನಿನ ಕಾರ್ಖಾನೆ. ಈಗ ಕೈ ಎತ್ತಿ ನೋಡೋಣ.” ಅವಳ ಮುಖ ನೋಡಿದ ಮೇಲೆ ಯಾರೂ ಕೈ ಎತ್ತುತ್ತಿರಲಿಲ್ಲ.

“ಒಂದು ಸಲ ಕಂಡಿತು ಅನ್ನೇ ಮಾರಾಯ್ತಿ,” ಎಂದ ಇಂಗೆಬ್ರಿಕ್ಟ್. ಅವನು ಅವಳ ದೊಡ್ಡಪ್ಪನ ಮಗ, ದೋಣಿಯಲ್ಲಿ ಹಗ್ಗದ ಕೆಲಸವೂ ವಾಫಲ್ಲಿನ ಕೆಲಸವೂ ಅವನದೇ. “ಜಾಗ ಹೋದ್ರೆ ಎಲ್ಲಿ ಕಟ್ತೀಯಾ ಇದನ್ನ? ನಿನ್ನ ಸೊಂಟಕ್ಕಾ?”

“ಕಾಣದ್ದನ್ನ ಕಂಡೆ ಅನ್ನೋಕೆ ನಾನೇನು ಪುರಸಭೆಗೆ ನಿಂತಿದೀನಾ?”

ಕೊನೆಗೆ ಉಪಸಮಿತಿಯೇ ಖುದ್ದಾಗಿ ತೆರ್ನಾದಲ್ಲಿ ಒಂದು ಪರೀಕ್ಷಾ ಪ್ರಯಾಣ ಮಾಡಿ, ಜಾಗದ ವಿಷಯವನ್ನು ಅಲ್ಲೇ ತೀರ್ಮಾನಿಸುವುದೆಂದು ನಿಗದಿಯಾಯಿತು. ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ದಕ್ಕೆಗೆ ಬಂದರು. ಸೂರ್ಯ ರಜೆಯಲ್ಲಿದ್ದುದರಿಂದ ಆಗಲೇ ಗಾಢ ಕತ್ತಲೆ. ಟೂರ್ಡಿಸ್ ತಾನೇ ಹೆಣೆದ ಸ್ವೆಟರ್ ಹಾಕಿಕೊಂಡು, ಕೂರಲು ಒಂದು ದಿಂಬು ಹಿಡಿದು ಬಂದಿದ್ದಳು. ಹಾಲ್ವಾರನ ಕೈಯಲ್ಲಿ ಬಣ್ಣದಂಗಡಿಯ ಮಾದರಿ ಹಲಗೆಯಿತ್ತು, ಅದರಲ್ಲಿ ಕೈಪಿಡಿಯ ಹಸಿರಿಗೆ ಗುರುತು ಹಾಕಿತ್ತು.

ದೋಣಿ ಕಡಲ ನಡುವಿಗೆ ಬಂದಾಗ ಕ್ಯಾಬಿನ್ನಿನಲ್ಲಿ ಸಭೆ ಶುರುವಾಯಿತು. ನಡಾವಳಿ ಬರೆಯುವವರ ಕಣ್ಣಿಗೆ ಸಾಕಷ್ಟು ಬೆಳಕಿರಬೇಕೆಂಬುದು ಕಾರ್ಮಿಕ ನಿಯಮ. ಆದ್ದರಿಂದ ಒಳಗಿನ ದೀಪಗಳನ್ನೆಲ್ಲ ಹಾಕಿದರು. ಒಳಗಿನ ಬೆಳಕು ಬೇರೆ ದೋಣಿಗಳ ಕಣ್ಣು ಕುಕ್ಕಬಾರದೆಂಬುದು ಬಂದರಿನ ನಿಯಮ. ಆದ್ದರಿಂದ ಪರದೆಗಳನ್ನೆಲ್ಲ ಎಳೆದರು. ಇಂಗೆಬ್ರಿಕ್ಟ್ ಹೃದಯದಾಕಾರದ ವಾಫಲ್‌ಗಳ ಮೇಲೆ ಕಂದು ಚೀಸಿನ ತೆಳು ಹಾಳೆ ಹಾಸಿ ಕೊಡುತ್ತ ಹೋದ.

ಚುಕ್ಕಾಣಿಯಲ್ಲಿದ್ದ ಗುನ್ವೋರ್ ತಲೆಯೆತ್ತಿದಳು. ಗುಡ್ಡದ ಹಿಂದಿನಿಂದ ಒಂದು ತೆಳು ಪಟ್ಟಿ ಎದ್ದಿತು, ನೋಡುತ್ತಿದ್ದಂತೆ ಅಗಲವಾಯಿತು, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡಿತು. ಯಾರೋ ಕೊಡವಿದ ಹಾಗೆ ಅದರ ಅಂಚು ನೇರಳೆಯಾಗಿ ನಡುಗಿತು. ಕಡಲೆಲ್ಲ ಹಸಿರಾಯಿತು, ಅವಳ ಕೈಗವಸೂ ಹಸಿರಾಯಿತು. ಹುಟ್ಟಿದಾಗಿನಿಂದ ಧ್ರುವಪ್ರಭೆ ನೋಡುತ್ತ ಬಂದವಳೂ ಅಂಥದ್ದನ್ನು ನೋಡಿರಲಿಲ್ಲ. ಅವಳು ಕ್ಯಾಬಿನ್ನಿನ ಬಾಗಿಲು ತಳ್ಳಿದಳು.

“ಎದ್ದು ಬನ್ನಿ. ಆಕಾಶ ಪೂರ್ತಿ ಹತ್ಕೊಂಡಿದೆ.”

“ನಾವೀಗ ಮೂರನೇ ವಿಷಯದಲ್ಲಿದ್ದೀವಿ ಗುನ್ವೋರ್,” ಎಂದಳು ಟೂರ್ಡಿಸ್. “ಶಾಲೆ ರಸ್ತೆಯ ಚರಂಡಿ ಮುಚ್ಚಳ. ಆಕಾಶ ಐದನೇದು.”

“ಐದನೇದನ್ನ ಮೊದಲು ತಗೊಳ್ಳಿ.”

“ವಿಷಯಗಳ ಕ್ರಮ ಬದಲಾಯಿಸೋಕೆ ಸಭೆ ಶುರುವಾಗೋ ಮೊದಲೇ ಸೂಚನೆ ಕೊಡಬೇಕಿತ್ತು. ಬಾಗಿಲು ಹಾಕು, ಚಳಿ ಬರುತ್ತೆ.”

“ಐದು ಹೆಜ್ಜೆ ಟೂರ್ಡಿಸ್. ವಾಫಲ್ ಕೈಯಲ್ಲಿ ಹಿಡ್ಕೊಂಡೇ ಬಾ.”

“ಇವತ್ತು ಹೊರಗೆ ಹೋದ್ರೆ ನಾಳೆ ಎಲ್ಲರೂ ನಿಯಮ ಬಿಟ್ಟು ಹೊರಗೆ ಹೋಗ್ತಾರೆ,” ಎಂದ ಹಾಲ್ವಾರ್ ದುಃಖದಿಂದ. ಅವನಿಗೆ ನಿಜಕ್ಕೂ ಹೊರಗೆ ಹೋಗಬೇಕೆನಿಸಿತ್ತು. ಆದರೆ ಅವನು ಅಧಿಕಾರಿ.

ಚರಂಡಿ ಮುಚ್ಚಳದ ಚರ್ಚೆ ದೀರ್ಘವಾಗಿ ನಡೆಯಿತು. ನಾಲ್ಕನೆಯ ವಿಷಯ, ಮುಂದಿನ ಸಭೆಗೆ ಎಂಥ ಜಾಮ್ ಎಂಬುದು, ಅದಕ್ಕಿಂತ ದೀರ್ಘವಾಯಿತು. ಐದನೆಯ ವಿಷಯಕ್ಕೆ ಎಲ್ಲರೂ ಎದ್ದು ಡೆಕ್ಕಿಗೆ ಬಂದಾಗ ಆಕಾಶ ಕಪ್ಪಗೆ, ಶುಭ್ರವಾಗಿ, ಖಾಲಿಯಾಗಿ ಇತ್ತು. ಹಾಲ್ವಾರ್ ಮಾದರಿ ಹಲಗೆ ಎತ್ತಿ ಹಿಡಿದು, ಅದಕ್ಕೆ ಹೋಲಿಸಲು ಏನೂ ಸಿಗದೆ ಕೆಳಗಿಳಿಸಿದ. ಎಲ್ಲರೂ ಒಳಗೆ ಬಂದು ಕೂತರು.

“ಕರೆದಾಗ ಹಾಜರಿಲ್ಲ,” ಎಂದು ಟೂರ್ಡಿಸ್ ಬರೆಸಿದಳು.

“ಈಗ ತಾನೇ ಇತ್ತು. ನಾನು ಕರೆದೆ,” ಎಂದಳು ಗುನ್ವೋರ್.

“ನಿನ್ನ ಮಾತು ನಂಬ್ತೀವಿ. ಆದ್ರೆ ಅದು ಮೂರನೇ ವಿಷಯಕ್ಕೆ ಹಾಜರಾಗಿದೆ. ಚರಂಡಿ ಮುಚ್ಚಳಕ್ಕೂ ಅದಕ್ಕೂ ಏನು ಸಂಬಂಧ? ಹಾಗಾಗಿ ಈ ಜಾಗವನ್ನು ಸೌನಾ ಸಂಘಕ್ಕೆ…”

ಗುನ್ವೋರಳ ಸಿಟ್ಟು ನೆತ್ತಿಗೇರಿತು.

“ಹೋದ ಚಳಿಗಾಲ ನಿನಗೆ ಹಲ್ಲುನೋವು ಬಂದಾಗ ಸಭೆಗೆ ಬಂದಿದ್ದು ಯಾರು ಟೂರ್ಡಿಸ್? ನಿನ್ನ ಬದಲಿ. ಹಾಲ್ವಾರ್‌ಗೆ ಬದಲಿ ಇದಾನೆ. ಚರ್ಚಿನ ಗಂಟೆ ಹೊಡೆಯೋನಿಗೆ ಬದಲಿ ಇದಾನೆ. ಈ ಊರಲ್ಲಿ ಬದಲಿ ಇಲ್ಲದೋರು ಯಾರಿದ್ದಾರೆ ಹೇಳು. ಆ ಬೆಳಕನ್ನ ನಿಮ್ಮ ಅಧೀನಕ್ಕೆ ತಗೊಂಡ್ರಲ್ಲ, ಅದಕ್ಕೆ ಬದಲಿ ಎಲ್ಲಿ? ಅದು ಬರದೇ ಇದ್ರೆ ತಪ್ಪು ಅದರದ್ದಾ, ನಿಮ್ಮದಾ?”

ಅವಳು ಹೇಳಿದ್ದು ಚುಚ್ಚಲೆಂದು. ಆದರೆ ಹಾಲ್ವಾರ್ ನಿಯಮಗಳ ಪುಸ್ತಕ ತೆಗೆದು ಪುಟ ತಿರುವಿದ. ಅವನ ಮುಖ ಬಿಳಚಿಕೊಂಡಿತು.

“ಅವಳು ಹೇಳೋದು ಸರಿ,” ಎಂದ ಮೆಲ್ಲಗೆ. “ಬದಲಿ ನೇಮಕ ಆಗಿಲ್ಲ. ಬದಲಿಗೆ ಕರೆ ಹೋಗದೆ ಯಾರನ್ನೂ ಗೈರುಹಾಜರಿ ಅನ್ನೋ ಹಾಗಿಲ್ಲ. ಇವತ್ತಿನದ್ದಷ್ಟೇ ಅಲ್ಲ, ಇಷ್ಟು ದಿನದ ‘ಕಾಣಲಿಲ್ಲ’ ಎಲ್ಲಾ ಅನೂರ್ಜಿತ.”

ಟೂರ್ಡಿಸ್ ತನ್ನ ವಾಫಲ್ಲನ್ನು ಕೆಳಗಿಟ್ಟಳು. ಅದು ಅವಳ ಜೀವಮಾನದಲ್ಲಿ ಅಪರೂಪದ ಘಟನೆ. “ಹಾಗಾದ್ರೆ ಈಗಲೇ ನೇಮಿಸಬೇಕು. ಅರ್ಹತೆ ಏನು?”

“ಹಸಿರಾಗಿರಬೇಕು. ಕತ್ತಲಲ್ಲಿ ಕಾಣಬೇಕು. ಕಡಲ ಮೇಲಿರಬೇಕು,” ಎಂದ ಹಾಲ್ವಾರ್.

“ಹಾಗಾದ್ರೆ ನಮ್ಮ ಬಲಗಡೆ ದೀಪವೇ ಆಗಬಹುದು,” ಎಂದು ಇಂಗೆಬ್ರಿಕ್ಟ್ ವಾಫಲ್ ಕಾವಲಿ ಕೆರೆಯುತ್ತ ನಕ್ಕ. ಅವನೊಬ್ಬನೇ ನಕ್ಕದ್ದು.

ಉಪಸಮಿತಿ ಮತ್ತೆ ಡೆಕ್ಕಿಗೆ ಬಂತು. ಕಡಲಿಗಿಳಿದ ಪ್ರತಿ ದೋಣಿಯೂ ಬಲಬದಿಗೆ ಉರಿಸಲೇಬೇಕಾದ ಹಸಿರು ದೀಪ, ತನ್ನ ತಗಡಿನ ಮರೆಯಲ್ಲಿ, ಒಂದು ನಿಂಬೆಹಣ್ಣಿನ ಗಾತ್ರಕ್ಕೆ ಉರಿಯುತ್ತಿತ್ತು. ಹಾಲ್ವಾರ್ ಮಾದರಿ ಹಲಗೆಯನ್ನು ಅದರ ಪಕ್ಕ ಹಿಡಿದ. ಕೈಪಿಡಿಯ ಹಸಿರಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

“ಇದಕ್ಕೆ ಪ್ರಮಾಣಪತ್ರ ಇದೆಯಾ?”

“ಪ್ರತಿವರ್ಷ ತಪಾಸಣೆ ಆಗುತ್ತೆ, ಮೊಹರು ಇದೆ,” ಎಂದಳು ಗುನ್ವೋರ್.

“ಆಕಾಶದ್ದಕ್ಕೆ ಅದೂ ಇರಲಿಲ್ಲ,” ಎಂದ ಹಾಲ್ವಾರ್. ಅವನ ಕಣ್ಣು ತೇವವಾಗಿತ್ತು.

ಧ್ರುವಪ್ರಭೆ ಸರ್ವಾನುಮತದಿಂದ ಕಂಡಿತು. ತೆರ್ನಾದ ಜಾಗ ತೆರ್ನಾಕ್ಕೇ ಉಳಿಯಿತು. ಬೆಲ್ಜಿಯಂನ ಡಾಕ್ಟರಿಗೆ ಉತ್ತರವೂ ಹೋಯಿತು: ತಾವು ನೋಡಿದ್ದು ನೇಮಕವಾಗದ ಪ್ರಭೆಯಾದ್ದರಿಂದ ಅದರ ಬಣ್ಣಕ್ಕೆ ಪುರಸಭೆ ಹೊಣೆಯಲ್ಲ.

ಇಷ್ಟಾದ ಮೇಲೆ ಒಂದು ಸಣ್ಣ ತೊಡಕು ಉಳಿಯಿತು. ಬದಲಿಯಾದವರು ಕರೆದ ತಕ್ಷಣ ಸಿಗಬೇಕು, ಆದ್ದರಿಂದ ದೀಪ ದಕ್ಕೆ ಬಿಟ್ಟು ಹೋಗುವಂತಿಲ್ಲ. ಆದರೆ ದೋಣಿ ಸಾಗುತ್ತಿರುವಾಗ ಮಾತ್ರ ಆ ದೀಪ ಉರಿಸಬೇಕೆಂಬುದು ಕಡಲಿನ ನಿಯಮ. ಹಾಲ್ವಾರ್ ಎರಡು ದಿನ ಯೋಚಿಸಿ, ಕಟ್ಟಿಹಾಕಿದ ತೆರ್ನಾವನ್ನು ನಿರಂತರವಾಗಿ ಸಾಗುತ್ತಿರುವ ದೋಣಿ ಎಂದು ಘೋಷಿಸಿದ.

“ದೋಣಿ ಕಡಲಿಗೆ ಹೋಗೋದು ಬೇಡ್ವಾ ಹಾಗಾದ್ರೆ?” ಎಂದಳು ಗುನ್ವೋರ್.

“ಬೇಡ ಅಂತ ಯಾರಂದ್ರು? ಇವತ್ತಿಂದ ನೀನು ಹೋಗ್ತಾನೇ ಇರ್ತೀಯ.”

ಅವಳು ಕಲ್ಲುಗೋಡೆಯನ್ನು ನೋಡಿದಳು, ಅದರಾಚೆ ಹೊರತುದಿಗೆ ಬಡಿಯುತ್ತಿದ್ದ ಅಲೆಯನ್ನು ನೋಡಿದಳು. “ದೀಪಕ್ಕೆ ನಾನು ಬಿಟ್ಟು ಬೇರೆ ಯಾರೂ ಕೈ ಹಾಕಬಾರದು,” ಎಂದಳು. ಅದೂ ನಿಯಮವಾಯಿತು.

ಅಂದಿನಿಂದ ಸ್ಕಾರ್ವಿಕ್‌ನಲ್ಲಿ ಧ್ರುವಪ್ರಭೆ ಭಾನುವಾರ ಬಿಟ್ಟು ಉಳಿದೆಲ್ಲ ದಿನ ಕಾಣುತ್ತಿದೆ. ಪ್ರವಾಸಿಗರು ಟಿಕೆಟ್ ಪಡೆದು, ಜಾಕೆಟ್ ಹಾಕಿಕೊಂಡು, ಕಟ್ಟಿದ ದೋಣಿ ಹತ್ತುತ್ತಾರೆ. ಕೆಲವರಿಗೆ ತಲೆ ಸುತ್ತುವುದೂ ಉಂಟು, ಅವರಿಗೆ ಇಂಗೆಬ್ರಿಕ್ಟ್ ಶುಂಠಿ ಬಿಸ್ಕತ್ತು ಕೊಡುತ್ತಾನೆ. ಸೌನಾವನ್ನು ತೆರ್ನಾದ ಬಲಬದಿಗೇ ಒತ್ತಿ ನಿಲ್ಲಿಸಿದ್ದಾರೆ. ಒಳಗೆ ಬೆವರುತ್ತಿರುವವರಿಗೂ ದೀಪ ಕಾಣುತ್ತದೆ. ಅದಕ್ಕೆ ಟೂರ್ಡಿಸ್ ಬೇರೆ ಟಿಕೆಟ್ ಇಟ್ಟಿದ್ದಾಳೆ. ಗುನ್ವೋರ್ ದಿನಾ ಗಾಜು ಒರೆಸುತ್ತಾಳೆ. ಒರೆಸಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ಓರೆಮಾಡಿ ನೋಡುತ್ತಾಳೆ.

ಫೆಬ್ರವರಿಯ ಒಂದು ಸಂಜೆ ಡೆಕ್ಕಿನ ಮೇಲೆ ಜನ ಕಿಕ್ಕಿರಿದಿದ್ದರು. ಪೋಲೆಂಡಿನಿಂದ ಮಧುಚಂದ್ರಕ್ಕೆ ಬಂದ ಗಂಡಹೆಂಡತಿ ಎಲ್ಲರಿಗಿಂತ ಮುಂದೆ ಕೂತಿದ್ದರು. ಆಗ ಗುಡ್ಡದ ಹಿಂದಿನಿಂದ ಆಕಾಶ ಒಮ್ಮೆಲೇ ಹತ್ತಿಕೊಂಡಿತು. ಹಸಿರು, ನೇರಳೆ, ಹಿಮದ ಮೇಲೆಲ್ಲ ಅದರ ಓಡಾಟ, ಮನೆಗಳ ಮಾಡುಗಳೆಲ್ಲ ಬೆಳಗಿದವು. ಪೋಲೆಂಡಿನ ಹುಡುಗಿ ಎರಡೂ ಕೈಯನ್ನು ಹುಬ್ಬಿನ ಮೇಲೆ ಮರೆ ಹಿಡಿದು ದೀಪದ ಕಡೆ ಬಗ್ಗಿದಳು.

“ಸರಿಯಾಗಿ ಕಾಣ್ತಾ ಇಲ್ಲ,” ಎಂದಳು. “ಮೇಲಿಂದ ಏನೋ ಬೆಳಕು ಬೀಳ್ತಿದೆ.”

ಹಿಂದೆ ಕೂತವರೂ ಗೊಣಗಿದರು. ಹಾಲ್ವಾರ್ ಗಾಬರಿಯಿಂದ ಗುನ್ವೋರಳ ಕಡೆ ನೋಡಿದ.

ಗುನ್ವೋರ್ ಒಮ್ಮೆ ತಲೆಯೆತ್ತಿ ಆಕಾಶವನ್ನು ನೋಡಿದಳು, ಕೆಲಸದ ಹೊತ್ತಿನಲ್ಲಿ ಬಂದು ಬಾಗಿಲಲ್ಲಿ ನಿಂತ ನೆಂಟರನ್ನು ನೋಡುವ ಹಾಗೆ.

“ಇದೊಂದು,” ಎಂದಳು. “ಇಂಗೆಬ್ರಿಕ್ಟ್, ಆ ತುದಿ ಹಿಡ್ಕೋ.”

ಇಬ್ಬರೂ ಸೇರಿ ಡೆಕ್ಕಿನ ಈ ಕೊನೆಯಿಂದ ಆ ಕೊನೆಯವರೆಗೆ ದಪ್ಪ ಟಾರ್ಪಾಲು ಎಳೆದು, ನಾಲ್ಕು ಮೂಲೆಗೂ ಹಗ್ಗ ಬಿಗಿದರು. ಒಳಗೆ ಹಿತವಾದ ಕತ್ತಲೆ ಕವಿಯಿತು. ಹಸಿರು ದೀಪ ಸ್ಪಷ್ಟವಾಗಿ ಉರಿಯುತ್ತಿತ್ತು.

“ಈಗ ಕಾಣ್ತಾ?”

“ಕಾಣ್ತು,” ಎಂದರು ಎಲ್ಲರೂ, ಮತ್ತು ಮತ ಹಾಕಲು ಕೈ ಎತ್ತಿದರು.