ಓಕೆ ಒತ್ತಿ ಕೆಟ್ಟೆ!

ಚೆನ್ನೈಯ ಪುರಸೈವಾಕ್ಕಂನ ನಮ್ಮ ಹೋಟೆಲನ್ನು ಒಂದೇ ಬೆಳಗಿನಲ್ಲಿ ಹೊಸ ಯುಗಕ್ಕೆ ದಾಟಿಸಿಬಿಡುತ್ತೇನೆಂದು ಪಣ ತೊಟ್ಟವನು ನಾನೇ! ಮಾವ ವಿಷ್ಣುಮೂರ್ತಿಯವರು ಊರಿಗೆ ಹೊರಡುವಾಗ, ಮೊದಲ ಬಾರಿಗೆ ಗಲ್ಲಾಪೆಟ್ಟಿಗೆಯ ಬೀಗದಕೈ ನನಗೆ ಕೊಟ್ಟು, "ಭಾನುವಾರ ಮಧ್ಯಾಹ್ನ ಬರ್ತೇನೆ. ಅಲ್ಲಿವರೆಗೆ ಹೋಟೆಲು ಇದ್ದರೆ ಸಾಕು" ಅಂದಿದ್ದರು. ಅಳಿಯನ ಮೇಲೆ ಎಂಥ ನಂಬಿಕೆ!

ಭಾನುವಾರ ಬೆಳಿಗ್ಗೆ ಗಲ್ಲಾದ ಕಂಪ್ಯೂಟರ್ 'ಅಪ್‌ಡೇಟ್ ಮಾಡಲೇ?' ಎಂದು ವಿನಯದಿಂದ ಕೇಳಿತು. ಪಕ್ಕದಲ್ಲಿ ಚಿಲ್ಲರೆ ಜೋಡಿಸುತ್ತಿದ್ದ ಹೆಂಡತಿ ಅಕ್ಕು ಕಣ್ಣು ಬಿಟ್ಟಳು.

"ಅದನ್ನು ಮುಟ್ಟುವುದು ಬೇಡ ಮಾರಾಯ್ರೆ. ಸರಿಯಾಗಿ ನಡೀತಾ ಉಂಟಲ್ಲ?"

"ನಿನಗೆ ಗೊತ್ತಾಗುವುದಿಲ್ಲ ಅಕ್ಕು. ಕಾಲದ ಜೊತೆ ಓಡಬೇಕು!"

"ಓಡಿ. ಕಂಪ್ಯೂಟರ್ ಇಲ್ಲೇ ಇರಲಿ."

ಒತ್ತಿದೆ. ಪರದೆ ಮದುಮಗಳ ಹಾಗೆ ಹೊಳೆಯಿತು. ಅಷ್ಟರಲ್ಲಿ ಟಿಫಿನ್ನಿಗೆ ಜನ ನುಗ್ಗಿದರು. ಸಪ್ಲೈಯರುಗಳು ಮೊಬೈಲಿನಲ್ಲಿ ಆರ್ಡರ್ ಒತ್ತಿದರೆ ಅಡುಗೆಮನೆಯ ಪ್ರಿಂಟರಿನಿಂದ ಚೀಟಿ ಬರಬೇಕು. ಅವರು ಒತ್ತಿದರು, ಒತ್ತಿದರು, ಒತ್ತುತ್ತಲೇ ಇದ್ದರು. ಪ್ರಿಂಟರಿಗೆ ಮೌನವ್ರತ! ಅಡುಗೆಯ ಭಟ್ಟರು ಕೈಕಟ್ಟಿಕೊಂಡು, "ಇವತ್ತು ಬಂದ್ ಉಂಟಾ?" ಎಂದು ಇಣುಕಿದರು. ಹೊರಗೆ ಹಸಿದ ಚೆನ್ನೈ ಪೂರ್ತಿ "ಪೊಂಗಲ್ ಎನ್ನಾಚ್ಚು, ಏನಾಯ್ತು?" ಎಂದು ಮೇಜು ಕುಟ್ಟಿತು.

ಸಾಫ್ಟ್‌ವೇರ್ ಕೊಟ್ಟ ಮನೀಶನಿಗೆ ಫೋನ್ ಮಾಡಿದೆ.

"ಪ್ರಿಂಟರನ್ನು ಕರೆಯುವ ಹಳೇ ಫಂಕ್ಷನ್ನು ಹೊಸ ಸಿಸ್ಟಮ್‌ನಲ್ಲಿ ತೆಗೆದುಬಿಟ್ಟಿದ್ದಾರೆ ಸಾರ್. ನಮ್ಮ ಸಾಫ್ಟ್‌ವೇರ್ ಅದನ್ನೇ ಕರೀತಾ ಇದೆ, ಓ ಅನ್ನೋರಿಲ್ಲ! 'ಸದ್ಯದಲ್ಲೇ ನಿಲ್ಲಿಸುತ್ತೇವೆ' ಅಂತ ದಿನಾ ವಾರ್ನಿಂಗ್ ಬರಲಿಲ್ವಾ?"

"ಬರುತ್ತಿತ್ತಪ್ಪ."

"ಅಯ್ಯೋ, ಎನ್ನ ಸಾರ್ ಪಣ್ಣೀಂಗ? ಏನ್ ಮಾಡಿದ್ರಿ?"

"ದಿನಾ ಓಕೆ ಒತ್ತಿದೆ."

ಆ ಕಡೆಯಿಂದ ಉದ್ದನೆಯ ನಿಟ್ಟುಸಿರು. "ನಾಳೆ ಬರ್ತೇನೆ ಸಾರ್."

ನಾಳೆ! ಮಧ್ಯಾಹ್ನ ಮಾವ ಬರುವಷ್ಟರಲ್ಲಿ ಹೋಟೆಲೇ ಇರುವುದಿಲ್ಲವಲ್ಲ! ನನಗೆ ಅಳುವೇ ಬಂತು. ಅಕ್ಕು ನನ್ನನ್ನು ಅಡುಗೆಮನೆಯ ಬಾಗಿಲಿಗೆ ದಬ್ಬಿದಳು.

"ಅಪ್ಪ ಶುರು ಮಾಡುವಾಗ ಯಾವ ಪ್ರಿಂಟರ್ ಇತ್ತು? ಇಷ್ಟು ದೊಡ್ಡ ಬಾಯಿ ಉಂಟಲ್ಲ ನಿಮಗೆ, ಕೂಗಿ!"

ಕೂಗಿದೆ. "ನಾಲ್ಕು ಪೊಂಗಲ್, ಎರಡು ವಡೆ! ಒಂದು ರೋಸ್ಟ್ ದೋಸೆ, ತುಪ್ಪ ಜಾಸ್ತಿ!" ಮೊದಮೊದಲು ನಾಚಿಕೆಯಾಯಿತು. ಆಮೇಲೆ ಯಕ್ಷಗಾನದ ರಾಕ್ಷಸವೇಷವೇ ಮೈಮೇಲೆ ಬಂತು! ತಟ್ಟೆಗಳು ಹಾರಿ ಬಂದವು, ಗಿರಾಕಿಗಳು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಚೀಲ ಹಿಡಿದು ಬಂದ ಮಾವ ಬಾಗಿಲಲ್ಲೇ ನಿಂತು ನನ್ನ ಕೂಗು ಕೇಳಿದರು. ಮುಖ ಅರಳಿತು.

"ಭಲೇ ಅಳಿಯಂದಿರೇ! ನಾನೂ ಹೀಗೆಯೇ ಕೂಗ್ತಾ ಇದ್ದದ್ದು."

ಇದೆಲ್ಲ ನನ್ನದೇ ಯೋಜನೆ ಎನ್ನಲು ಬಾಯಿ ತೆರೆದೆ. ಬರೀ ಗಾಳಿ ಬಂತು!

ಮರುದಿನ ಮನೀಶ ಪ್ರಿಂಟರನ್ನು ಬದುಕಿಸಿದ. ನನ್ನ ಗಂಟಲು ಮಾತ್ರ ಏಳಲಿಲ್ಲ. ವಾರ ಪೂರ್ತಿ ಮಾತಾಡಕೂಡದು ಎಂದರು ಡಾಕ್ಟರು. ಅಕ್ಕು ಶುಂಠಿ ಕಷಾಯ ಕೊಟ್ಟು, ಪಕ್ಕದಲ್ಲಿ ಹಾಯಾಗಿ ಕುಳಿತಳು.

"ನಿಮ್ಮ ಬಾಯಿಯ ಇಷ್ಟು ವರ್ಷದ ಹಳೇ ಫಂಕ್ಷನ್ನು ನಿಂತುಹೋಯ್ತಲ್ಲ, ಮನೆಯಲ್ಲಿ ಏನೆಲ್ಲ ಕೆಟ್ಟುಹೋಗ್ತದೋ ಅಂತ ಹೆದರಿದ್ದೆ. ಎಂತದೂ ಆಗಲಿಲ್ಲ ಮಾರಾಯ್ರೆ! ಎಲ್ಲ ಮೊದಲಿಗಿಂತ ಚಂದ ನಡೀತಾ ಉಂಟು. ಇನ್ನು ಹೀಗೆಯೇ ಇರಲಿ, ಅಲ್ವಾ?"

ಅಭ್ಯಾಸಬಲ ನೋಡಿ, ತಲೆಯಾಡಿಸಿಬಿಟ್ಟೆ. ಓಕೆ!